ಬಾಗಿಲೆದುರಿನ ಕುರ್ಚಿ

ಬೀಯುನ್‌ಳ ಗಂಜಿ ಅಂಗಡಿಯಲ್ಲಿ ಇರುವುದು ಹನ್ನೆರಡೇ ಸ್ಟೂಲು. ಮೂವತ್ತೊಂದು ವರ್ಷದಿಂದ ತೈನಾನ್‌ನ ಆ ಪೇಟೆಬೀದಿಯ ಅರ್ಧ ಜನ ಬೆಳಗಿನ ಹೂಮೀನಿನ ಗಂಜಿ ಉಣ್ಣುವುದು ಆ ಹನ್ನೆರಡು ಸ್ಟೂಲುಗಳ ಮೇಲೇ. ಯಾರು ಯಾರ ಪಕ್ಕ ಕೂರಬಾರದು ಎಂಬುದು ಅವಳಿಗೆ ಬಾಯಿಪಾಠ. ಔಷಧಿ ಅಂಗಡಿಯ ಮುದುಕನಿಗೂ ನಿವೃತ್ತ ಮೇಷ್ಟರಿಗೂ ಚುನಾವಣೆ ಹತ್ತಿರ ಬಂತೆಂದರೆ ಎಣ್ಣೆ ಸೀಗೆಕಾಯಿ. ಕ್ಷೌರದಂಗಡಿಯ ಹೆಂಗಸಿನ ಪಕ್ಕ ಯಾರು ಕೂತರೂ ಅವರ ಬಟ್ಟಲು ತಣ್ಣಗಾಗುವವರೆಗೆ ಅವಳ ಸೊಸೆಯ ಕಥೆ ಮುಗಿಯುವುದಿಲ್ಲ. ಅವಳನ್ನು ಕಿವಿ ಮಂದವಾದ ಆಟೋ ಗ್ಯಾರೇಜಿನ ಯಜಮಾನನ ಪಕ್ಕ ಕೂರಿಸಿದರೆ ಇಬ್ಬರಿಗೂ ನೆಮ್ಮದಿ. ಬೀಯುನ್ ಬಾಯಿ ತೆರೆಯುವುದಿಲ್ಲ, ಸೌಟಿನಲ್ಲೇ ತೋರಿಸುತ್ತಾಳೆ. ಜನ ಹೋಗಿ ಅಲ್ಲೇ ಕೂರುತ್ತಾರೆ.

ಇಂಥವಳ ಕೈಗೆ ಮಗ ಯೂಲಿನ್ ಫೋನಿನಲ್ಲಿ ಒಂದು ಆಟ ಹಾಕಿಕೊಟ್ಟ ಮೇಲೆ ಕೇಳಬೇಕೆ. ಆಟದ ಹೂರಣ ಇಷ್ಟೇ: ಪರದೆಯ ಮೇಲೆ ಒಂದಷ್ಟು ಕುರ್ಚಿ, ಕೆಳಗೆ ಒಂದಷ್ಟು ಪುಟ್ಟ ಮುಖಗಳು, ಪಕ್ಕದಲ್ಲಿ ನಾಲ್ಕಾರು ಸುಳಿವು. ಕೆಂಪು ಟೋಪಿಯವಳು ಕಿಟಕಿಯ ಬಳಿ ಕೂರುವುದಿಲ್ಲ, ನಾಯಿ ತಂದವನು ಬೆಕ್ಕು ತಂದವಳಿಂದ ದೂರ ಇರಬೇಕು, ಹೀಗೆ. ಎಲ್ಲರೂ ಸರಿಯಾದ ಜಾಗದಲ್ಲಿ ಕೂತರೆ ಮುಖಗಳೆಲ್ಲ ನಗುತ್ತವೆ, ಒಬ್ಬ ತಪ್ಪಿದರೂ ಮುಖ ಗಂಟು ಹಾಕಿಕೊಳ್ಳುತ್ತವೆ. ಬೆಳಿಗ್ಗೆ ಹತ್ತಕ್ಕೆ ಗಂಜಿ ಖಾಲಿ. ಪಾತ್ರೆ ತೊಳೆದು, ಮೀನಿನ ವಾಸನೆಯ ಕೈ ಒರೆಸಿಕೊಂಡು, ಕಾಲು ಚಾಚಿ ಕೂತಳೆಂದರೆ ಮಧ್ಯಾಹ್ನದ ಊಟದವರೆಗೆ ಅವಳದು ಬೇರೆಯೇ ಲೋಕ. ಎಂಟು ತಿಂಗಳಲ್ಲಿ ಮುನ್ನೂರ ಮೂವತ್ತೊಂಬತ್ತು ಮೆಟ್ಟಿಲು ಹತ್ತಿದ್ದಳು. ಒಂದರಲ್ಲೂ ಸಹಾಯದ ಗುಂಡಿ ಒತ್ತಿರಲಿಲ್ಲ. ಆ ಜಂಬವನ್ನು ಅವಳು ಮುಚ್ಚಿಡುತ್ತಲೂ ಇರಲಿಲ್ಲ.

ಯೂಲಿನ್‌ನ ಮದುವೆ ಗೊತ್ತಾದಾಗ ಊಟಕ್ಕೆ ಜನರನ್ನು ಕೂರಿಸುವ ಕೆಲಸ ಯಾರದೆಂದು ಯಾರೂ ಕೇಳಲಿಲ್ಲ. ಮನೆಯ ಮುಂದಿನ ಓಣಿಗೆ ಶಾಮಿಯಾನ ಹಾಕಿ ಇಪ್ಪತ್ತೆರಡು ದುಂಡು ಮೇಜು, ಮೇಜಿಗೆ ಹತ್ತು ಜನ. ಅವರ ಮಾತಿನಲ್ಲಿ ನಾಲ್ಕು ಎಂದರೆ ಸಾವು ಎಂದಂತೆ ಕೇಳಿಸುತ್ತದೆ; ನಾಲ್ಕನೆಯ ನಂಬರಿನ ಮೇಜಿನಲ್ಲಿ ಕೂರಲು ಯಾರಿಗೂ ಜೀವ ಬೇಡವಾಗಿಲ್ಲ, ಆದ್ದರಿಂದ ಮೂರಾದ ಮೇಲೆ ಐದು. ಬೀಯುನ್ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬಟ್ಟಲು ಕವುಚಿ ಇಪ್ಪತ್ತೆರಡು ಸುತ್ತು ಎಳೆದಳು, ಎರಡೇ ದಿನದಲ್ಲಿ ಇನ್ನೂರ ಹತ್ತೊಂಬತ್ತು ಜನರನ್ನು ಕೂರಿಸಿ ಕೈ ಝಾಡಿಸಿದಳು.

ಗಂಡ ಹ್ವೊಲಾಯ್ ಕನ್ನಡಕ ಏರಿಸಿ ಇಣುಕಿದ. "ಇವಳೇ, ನಮ್ಮ ದೊಡ್ಡತ್ತೆನೂ ಚಿಕ್ಕತ್ತೆನೂ ಒಂದೇ ಮೇಜಿಗೆ ಹಾಕಿದೀಯಲ್ಲ. ಊಟ ಮಾಡ್ತಾರೋ, ಜುಟ್ಟು ಹಿಡೀತಾರೋ?"

"ನಡುವೆ ದಂತವೈದ್ಯರನ್ನ ಕೂರ್ಸಿದೀನಿ ನೋಡು. ಇಬ್ಬರಿಗೂ ಕಟ್ಟಿಸಿದ ಹಲ್ಲು. ಅವರ ಮುಂದೆ ಇಬ್ಬರೂ ಬಾಯಿ ಬಿಡಲ್ಲ."

ಹ್ವೊಲಾಯ್ ಕನ್ನಡಕ ಇಳಿಸಿದ. ಆದರೆ ಒಂದು ಕುರ್ಚಿ ಖಾಲಿ ಉಳಿದಿತ್ತು. ಅದು ಒಂದನೇ ಮೇಜಿನ ಮುಖ್ಯ ಕುರ್ಚಿ, ಬಾಗಿಲಿಗೆ ಎದುರಾಗಿರುವುದು, ಮದುಮಗನ ಸೋದರಮಾವನದು. ಆ ಕುರ್ಚಿಯಲ್ಲಿ ಮಾವ ಕೂತು ಮೊದಲ ತುತ್ತು ಎತ್ತುವವರೆಗೆ ಇಪ್ಪತ್ತೆರಡು ಮೇಜಿನಲ್ಲೂ ಉಣ್ಣುವ ಒಂದು ಕಡ್ಡಿಯೂ ಅಲ್ಲಾಡಬಾರದು. ಬೀಯುನ್‌ಳಿಗೆ ಇರುವುದು ಒಬ್ಬನೇ ತಮ್ಮ, ವೆನ್‌ಶಾನ್. ಅವನು ಬರುವುದಿಲ್ಲ ಎಂದುಬಿಟ್ಟಿದ್ದ.

ವೆನ್‌ಶಾನ್ ಪಕ್ಕದೂರು ಜಿಯಾಲಿಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು. ಹೋದ ವರ್ಷ ಲಕ್ವ ಹೊಡೆದು ಮೂರು ತಿಂಗಳು ಮಲಗಿದ್ದ. ಈಗ ನಡೆಯುತ್ತಾನೆ, ಮಾತೂ ತೊದಲುವುದಿಲ್ಲ. ಬೀಯುನ್, ಹ್ವೊಲಾಯ್ ಇಬ್ಬರೂ ಪದ್ಧತಿಯಂತೆ ಕೇಕಿನ ಪೆಟ್ಟಿಗೆ ಹೊತ್ತು ಬಸ್ಸಿನಲ್ಲಿ ಹೋಗಿ ಕರೆದು ಬಂದಿದ್ದರು. ಅವನು ಕೇಕು ತೆಗೆದುಕೊಂಡ, ಚಹಾ ಕೊಟ್ಟ, ಊಟಕ್ಕೂ ಕೂರಿಸಿದ. ತಾನು ಮಾತ್ರ ಆಗಲೇ ಉಂಡೆ ಎಂದ. ಮರುದಿನ ಫೋನು ಮಾಡಿದ.

"ಅಕ್ಕ, ನನ್ನ ಲೆಕ್ಕಕ್ಕೆ ಇಟ್ಕೋಬೇಡ. ಮುಯ್ಯಿ ಕಳಿಸ್ತೀನಿ."

"ಯಾಕೋ, ಏನಾಯ್ತೋ?"

"ಏನೂ ಆಗಿಲ್ಲ. ಬಸ್ಸಿನ ಕುಲುಕಾಟ ಆಗಲ್ಲ."

"ಕಾರು ಕಳಿಸ್ತೀನಿ."

"ಕಾರೂ ಆಗಲ್ಲ," ಎಂದು ಅವನು ಫೋನು ಇಟ್ಟಿದ್ದ.

ಬೀಯುನ್‌ಳಿಗೆ ಅನುಮಾನವೇ ಇರಲಿಲ್ಲ. ಇದು ಮುನಿಸು. ಸೋದರಮಾವಂದಿರ ಮುನಿಸು ಏನು ಇವತ್ತಿನದೇ. ಕರೆಯುವಾಗ ಏನೋ ತಪ್ಪಾಗಿದೆ. ಕೇಕಿನ ಪೆಟ್ಟಿಗೆ ಆರು ಕೊಡಬೇಕಿತ್ತೇನೋ, ಕೊಟ್ಟಿದ್ದು ಎರಡು. ಮೊದಲು ಹೆಣ್ಣಿನ ಕಡೆಗೆ ಹೋಗಿ ಆಮೇಲೆ ಅವನ ಮನೆಗೆ ಹೋಗಿದ್ದು ಗೊತ್ತಾಯಿತೇನೋ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು ಹೀಗೆ ಮಾಡಿದನಲ್ಲ ಎಂದು ಸಂಕಟ, ಮಾವನಿಲ್ಲದ ಮೇಜು ಕಂಡು ಬೀಗರು ಏನೆಂದುಕೊಂಡಾರು ಎಂದು ಭಯ. ಮತ್ತೆ ನಾಲ್ಕು ಪೆಟ್ಟಿಗೆ ಕೇಕು ಕಳಿಸಿದಳು. ಅವನು ಅದನ್ನೂ ತೆಗೆದುಕೊಂಡ, ಮನಸ್ಸು ಬದಲಿಸಲಿಲ್ಲ.

ಕೆಟ್ಟ ಕಾಲ ಒಂಟಿಯಾಗಿ ಬರಲಿಲ್ಲ, ಆಟದಲ್ಲೂ ಮುನ್ನೂರ ನಲವತ್ತನೆಯ ಮೆಟ್ಟಿಲು ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಅದೂ ಮದುವೆ ಊಟವೇ ಆಗಿರಬೇಕೆ. ದುಂಡು ಮೇಜು, ಎಂಟು ಕುರ್ಚಿ, ಮೇಲೆ ಒಂದು ಬಾಗಿಲು, ಬಲಕ್ಕೆ ಅಡುಗೆಮನೆ. ಮದುಮಗ, ಮದುಮಗಳು, ಮಾವ, ಅಜ್ಜಿ, ಮೇಷ್ಟರು, ತಮಟೆಯವನು, ಅಡುಗೆಯವಳು, ಗಿಣಿ ಸಾಕಿದವನು. ಬೀಯುನ್ ಮೂರು ದಿನ ತಿಪ್ಪರಲಾಗ ಹಾಕಿದಳು. ಏಳು ಜನ ಕೂರುತ್ತಿದ್ದರು, ಎಂಟನೆಯವನು ಮುಖ ಗಂಟು ಹಾಕುತ್ತಿದ್ದ. ಮೂರನೆಯ ದಿನ ಫೋನನ್ನು ಅಕ್ಕಿಯ ಡಬ್ಬದ ಮೇಲೆ ಕುಕ್ಕಿದಳು.

"ಆಟ ಮಾಡಿದೋರಿಗೆ ತಲೆ ಕೆಟ್ಟಿದೆ. ಇದಕ್ಕೆ ಉತ್ತರವೇ ಇಲ್ಲ."

ಹ್ವೊಲಾಯ್ ಅಲ್ಲೇ ಕೂತು ನಾಳೆಯ ಮೀನಿನ ಮುಳ್ಳು ಕೀಳುತ್ತಿದ್ದ. ಅವನಿಗೆ ಆಟದ ಗಂಧಗಾಳಿ ಇಲ್ಲ. ಆದರೆ ಮುಳ್ಳು ಕಿತ್ತು ಕಿತ್ತು ಬೇಸರವಾಗಿತ್ತು, ಫೋನು ಎತ್ತಿಕೊಂಡು ಸುಳಿವುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದ.

"ಈ ಮಾವನ್ನ ಬಾಗಿಲೆದುರಿಗೆ ಕೂರ್ಸು ಅಂತ ಎಲ್ಲಿ ಬರೆದಿದೆ?"

"ಬರೀಬೇಕಾ ಅದನ್ನ? ಮಾವ ಇನ್ನೆಲ್ಲಿ ಕೂರ್ತಾನೆ?"

"ಅದು ಸರಿ. ಎಲ್ಲಿ ಬರೆದಿದೆ ಅಂತ ಕೇಳಿದೆ."

ಬೀಯುನ್ ಫೋನು ಕಸಿದುಕೊಂಡಳು. ಮೇಲಿನಿಂದ ಕೆಳಗೆ ಓದಿದಳು, ಕೆಳಗಿನಿಂದ ಮೇಲಕ್ಕೆ ಓದಿದಳು. ಎಲ್ಲಿಯೂ ಬರೆದಿರಲಿಲ್ಲ. ಮೂರು ದಿನವೂ ಅವಳು ಮೊದಲು ಮಾವನನ್ನು ಬಾಗಿಲೆದುರು ಕೂರಿಸಿ, ಆಮೇಲೆ ಮಿಕ್ಕವರ ಸುಳಿವು ನೋಡಿದ್ದಳು. ಹಲ್ಲು ಕಚ್ಚಿ ಮಾವನನ್ನು ಎಬ್ಬಿಸಿ ಅಡುಗೆಮನೆಯ ಬದಿಗೆ ಹಾಕಿದಳು. ಎರಡು ನಿಮಿಷದಲ್ಲಿ ಎಲ್ಲರೂ ಕೂತರು. ಬಾಗಿಲೆದುರಿನ ಕುರ್ಚಿಗೆ ಬಂದವನು ಗಿಣಿ ಸಾಕಿದವನು. ಎಂಟು ಮುಖಗಳೂ ನಕ್ಕವು.

"ಗಿಣಿಯವನಂತೆ," ಎಂದಳು ಬೀಯುನ್. "ಮಾನ ಮರ್ಯಾದೆ ಇಲ್ಲದ ಮದುವೆ."

ಹೀಗೆಂದವಳಿಗೆ ಗೆದ್ದ ಸಂಭ್ರಮ ಮೂಡಲಿಲ್ಲ. ಯಾರೂ ಕೊಡದ ಸುಳಿವನ್ನು ತಾನೇ ಬರೆದುಕೊಂಡು ಮೂರು ದಿನ ಒದ್ದಾಡಿದ್ದಳು. ತಮ್ಮನಿಗೆ ಮುನಿಸು ಎಂದು ಹೇಳಿದವರು ಯಾರು? ಅವನಂತೂ ಹೇಳಿರಲಿಲ್ಲ. ಅವನು ಹೇಳಿದ್ದು ಬರುವುದಿಲ್ಲ ಎಂದಷ್ಟೇ. ಆಮೇಲೆ ಜಿಯಾಲಿಯ ಆ ಮಧ್ಯಾಹ್ನ ಕಣ್ಣ ಮುಂದೆ ಬಂತು. ಚಹಾ ಸುರಿದದ್ದು ಎಡಗೈ. ಕೇಕು ತೆಗೆದುಕೊಂಡದ್ದು ಎಡಗೈ. ಬಲಗೈ ಪೂರಾ ಹೊತ್ತು ಪ್ಯಾಂಟಿನ ಜೇಬಿನಲ್ಲಿತ್ತು. ಮೀನಿನ ಕೂದಲೆಳೆಯಂಥ ಮುಳ್ಳನ್ನೂ ಬಿಡದ ಕಣ್ಣಿಗೆ ಒಡಹುಟ್ಟಿದವನ ಕೈ ಕಾಣಲಿಲ್ಲವಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಏಪ್ರನ್ನು ಬಿಚ್ಚಿ ಮುಂದಿನ ಬಸ್ಸು ಹಿಡಿದಳು.

ವೆನ್‌ಶಾನ್ ಬಾಗಿಲು ತೆಗೆದ ಕೂಡಲೇ ಕೇಳಿದಳು. "ಕಡ್ಡಿ ಹಿಡಿಯೋಕೆ ಆಗಲ್ವೇನೋ?"

"ಆಗಲ್ಲ ಅಕ್ಕ. ನಡುಗುತ್ತೆ. ಮನೇಲಿ ಎಡಗೈಯಲ್ಲಿ ಚಮಚ ಹಿಡ್ದು ಮಗು ತರ ತಿಂತೀನಿ. ಅಲ್ಲಿ ಮೊದಲ ತುತ್ತು ನಾನೇ ಎತ್ತಬೇಕು. ಅಷ್ಟೂ ಜನ ಕಡ್ಡಿ ಕೆಳಗಿಟ್ಟು ನನ್ನ ಕೈಯನ್ನೇ ನೋಡ್ತಾ ಕೂತಿರ್ತಾರೆ."

"ಹಾಗಾದ್ರೆ ಆ ಕುರ್ಚಿ ಬೇಡ. ಒಂಬತ್ತನೇ ಮೇಜಲ್ಲಿ ನನ್ನ ಪಕ್ಕ ಕೂತ್ಕೋ."

"ಒಂಬತ್ತನೇ ಮೇಜಾ? ಬೀಯುನ್ ಇರೋ ಒಬ್ಬ ತಮ್ಮನ್ನ ಮೂಲೆಗೆ ತಳ್ಳಿದಳು ಅಂತ ಊರೆಲ್ಲ ಆಡ್ಕೊಳ್ಳಲಿ ಅಂತಲಾ? ಬಂದ್ರೆ ಆ ಕುರ್ಚಿ, ಇಲ್ಲಾ ಅಂದ್ರೆ ಮನೆ. ಅದಕ್ಕೇ ಮನೆ ಅಂದೆ."

ಅವನ ಮಾತು ಅವಳಿಗೆ ನಾಟಿತು. ಅವನು ಮುನಿದಿರಲಿಲ್ಲ, ಅಕ್ಕನ ಮಾನ ಕಾಯಲು ಮನೆಯಲ್ಲಿ ಅಡಗಿದ್ದ. ಅವಳಿಗೆ ಅಳು ಬಂತು, ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ನನಗೆ ಎರಡು ದಿನ ಕೊಡು. ಕುರ್ಚಿ ನಿನ್ನದೇ, ಕಡ್ಡಿ ಇರಲ್ಲ," ಎಂದಳು.

"ಕಡ್ಡಿ ಇಲ್ಲದೆ ಮದುವೆ ಊಟವಾ?"

"ಬಾಯಿ ಮುಚ್ಕೊಂಡು ಪ್ಯಾಂಟು ಇಸ್ತ್ರಿ ಮಾಡ್ಸು."

ಮೊದಲು ಅಡುಗೆಯ ಮೇಸ್ತ್ರಿ ಲೋ ಅವರ ಬಳಿ ಹೋದಳು. ಮೊದಲ ತಟ್ಟೆಯಾಗಿ ಪದ್ಧತಿಯ ತಣ್ಣನೆಯ ಐದು ಬಗೆ ತಿನಿಸು ಬೇಡ, ಬಿಸಿ ಸಿಗಡಿ ಸುರುಳಿ ಬರಲಿ, ಪ್ರತಿಯೊಂದಕ್ಕೂ ಕಾಗದ ಸುತ್ತಿರಲಿ ಎಂದಳು.

ನಲವತ್ತು ವರ್ಷ ಮದುವೆ ಅಡುಗೆ ಮಾಡಿದ ಮನುಷ್ಯ ಕುದ್ದುಹೋದರು. "ಕಾಗದ ಸುತ್ತಿ ಕೈಯಲ್ಲಿ ತಿನ್ನೋದಾ? ಇದೇನು ಮದುವೆಯೋ ಬಸ್ ಸ್ಟ್ಯಾಂಡೋ, ತಂಗೀ?"

"ಮೇಸ್ತ್ರಿಗಳೇ, ನಿಮ್ಮ ಸಿಗಡಿ ಸುರುಳಿ ಬಿಸಿ ಇದ್ದಾಗ ತಿಂದೋರು ಈ ಊರಲ್ಲಿ ಎಷ್ಟು ಜನ ಇದಾರೆ? ಯಾವಾಗಲೂ ಒಂಬತ್ತನೇ ತಟ್ಟೆಯಾಗಿ ಬರುತ್ತೆ. ಅಷ್ಟೊತ್ತಿಗೆ ಜನ ಸೊಂಟದ ಪಟ್ಟಿ ಸಡಿಲ ಮಾಡ್ಕೊಂಡು ಮನೆಗೆ ಕಟ್ಕೊಂಡು ಹೋಗೋ ಚೀಲ ಹುಡುಕ್ತಿರ್ತಾರೆ."

ಮೇಸ್ತ್ರಿ ಗೊಣಗಿದರು, ಒಪ್ಪಿದರು. ಹೊಗಳಿಕೆಗೆ ಕರಗದ ಅಡುಗೆಯವರನ್ನು ಬೀಯುನ್ ಇನ್ನೂ ಕಂಡಿರಲಿಲ್ಲ.

ಇನ್ನು ಉಳಿದದ್ದು ಅಕ್ಕಪಕ್ಕ. ಕ್ಯಾಲೆಂಡರಿನ ಹಾಳೆ ಮತ್ತೆ ಹರಡಿದಳು. ತಮ್ಮನ ಬಲಕ್ಕೆ ತಾನೇ ಕೂರುವುದೆಂದಾಯಿತು; ಬಲಗೈ ಜೇಬಿನಿಂದ ಹೊರಬಂದರೂ ತನ್ನ ಮೈಯ ಮರೆ ಇರುತ್ತದೆ. ಎಡಕ್ಕೆ ಯಾರು? ದುಂಡು ಮೇಜಿನಲ್ಲಿ ಹತ್ತು ಜನ ಒತ್ತಿ ಕೂತಾಗ ಎಡಗೈಯಲ್ಲಿ ಉಣ್ಣುವವನ ಮೊಣಕೈ ಎಡಪಕ್ಕದವರ ಬಲಗೈಗೆ ತಾಕುತ್ತದೆ, ಸೂಪು ತೊಡೆಯ ಮೇಲೆ. ಅಲ್ಲಿ ಕೂರುವವರೂ ಎಡಚರೇ ಆಗಬೇಕು. ಆ ತಲೆಮಾರಿನಲ್ಲಿ ಎಡಚರೆಂದರೆ ಶಾಲೆಯಲ್ಲೇ ಬೆತ್ತದ ಏಟು ತಿಂದು ಬಲಕ್ಕೆ ತಿರುಗಿದವರು. ಇನ್ನೂರ ಹತ್ತೊಂಬತ್ತು ಜನರನ್ನು ಒಬ್ಬೊಬ್ಬರಾಗಿ ನೆನೆದು, ಅವರು ಬಟ್ಟಲು ಹಿಡಿಯುವ ಕೈ ನೆನೆದು, ಮಧ್ಯಾಹ್ನ ಎರಡರ ಹೊತ್ತಿಗೆ ಒಬ್ಬರು ಸಿಕ್ಕಿದರು. ಹೆಣ್ಣಿನ ಅಜ್ಜಿ. ನಿಶ್ಚಿತಾರ್ಥದ ದಿನ ಎಡಗೈಯಲ್ಲಿ ಕಡ್ಡಿ ಹಿಡಿದು ಇಡೀ ಏಡಿ ಬಿಡಿಸಿ ಮುಗಿಸಿದ್ದ ಮುದುಕಿ. ಬೀಗರ ಕಡೆಯ ಹಿರಿಯಳನ್ನು ಮಾವನ ಪಕ್ಕಕ್ಕೆ ಕೂರಿಸಿದರೆ ಮರ್ಯಾದೆಯೂ ಆಯಿತು. ಬೀಯುನ್ ಎದ್ದು ಒಂದು ಸುತ್ತು ಕುಣಿದೇಬಿಟ್ಟಳು. ಹ್ವೊಲಾಯ್ ಮೀನಿನ ಬುಟ್ಟಿಯನ್ನು ದೂರ ಸರಿಸಿಕೊಂಡ.

ಮದುವೆಯ ದಿನ ವೆನ್‌ಶಾನ್ ಬಂದ, ಇಸ್ತ್ರಿಯ ಪ್ಯಾಂಟು ತೊಟ್ಟು, ಬಿಳಿಚಿಕೊಂಡ ಮುಖ ಹೊತ್ತು. ಮುಖ್ಯ ಕುರ್ಚಿಯಲ್ಲಿ ಕೂತ. ಎಡಕ್ಕೆ ಅಜ್ಜಿ, ಬಲಕ್ಕೆ ಅಕ್ಕ. ಸಿಗಡಿ ಸುರುಳಿಯ ತಟ್ಟೆಗಳು ಹೊಗೆಯಾಡುತ್ತ ಬಂದವು. ಶಾಮಿಯಾನದ ತುಂಬ ಮಾತು ನಿಂತಿತು, ಇಪ್ಪತ್ತೆರಡು ಮೇಜೂ ಒಂದನೇ ಮೇಜಿನ ಕಡೆ ತಿರುಗಿತು. ವೆನ್‌ಶಾನ್ ತಟ್ಟೆಯನ್ನೇ ನೋಡುತ್ತಿದ್ದ, ಕೈ ಮೇಲೇಳಲಿಲ್ಲ.

ಅಜ್ಜಿ ಅವನ ಕಡೆ ವಾಲಿದಳು. "ಏನಪ್ಪಾ ಮಾವ, ಮುಹೂರ್ತ ನೋಡ್ತಿದೀಯಾ? ನನಗೆ ಎಂಬತ್ತಮೂರು. ನೀನು ತಡ ಮಾಡಿದ್ರೆ ನಾನು ಹಸ್ಕೊಂಡೇ ಹೋಗ್ತೀನಿ."

ವೆನ್‌ಶಾನ್‌ಗೆ ನಗು ಬಂತು. ನಗುತ್ತಲೇ ಎಡಗೈ ಚಾಚಿ ಒಂದು ಸುರುಳಿ ಎತ್ತಿ ಕಚ್ಚಿದ. ಬಿಸಿಗೆ ಹಾ ಹೂ ಎಂದ. ಇನ್ನೂರ ಹತ್ತೊಂಬತ್ತು ಕೈಗಳು ತಟ್ಟೆಗೆ ಬಿದ್ದವು, ಯಾರು ಯಾವ ಕೈಯಲ್ಲಿ ತಿಂದರೆಂದು ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಮೇಸ್ತ್ರಿ ಲೋ ಒಲೆಯ ಬಳಿ ನಿಂತು, ಈ ಉಪಾಯ ತನ್ನದೇ ಎಂದು ಆಗಲೇ ಯಾರಿಗೋ ಹೇಳುತ್ತಿದ್ದರು.

ಆಮೇಲೆ ಸೂಪು ಬಂತು, ಚಮಚಗಳು ಬಂದವು, ಅಜ್ಜಿಯೂ ವೆನ್‌ಶಾನೂ ಎಡಗೈ ಎಡಗೈಯಾಗಿ ಮೊಣಕೈ ತಾಕದೆ ಉಂಡರು. ಬೀಯುನ್ ಮಾತ್ರ ತನ್ನ ಊಟ ಮರೆತು ತಮ್ಮನ ಬಟ್ಟಲು ತುಂಬುವುದರಲ್ಲೇ ಇದ್ದಳು. ಹಂದಿಮಾಂಸ ಬಂದರೆ ಚೂರು ಮಾಡಿ ಹಾಕಿದಳು. ಅಣಬೆ ಬಂದರೆ ಹಾಕಿದಳು. ಆವಿಯಲ್ಲಿ ಬೆಂದ ಮೀನು ಬಂದಾಗ ಮುಳ್ಳು ತೆಗೆದು, ಊದಿ ಆರಿಸಿ, ಅವನ ಬಟ್ಟಲ ಮೇಲೆ ಗುಡ್ಡೆ ಹಾಕಿದಳು. ಅವನು ಚಮಚವನ್ನು ಟಣ್ಣೆಂದು ಕೆಳಗಿಟ್ಟ.

"ಅಕ್ಕ, ಇವತ್ತು ಮಾವ ಯಾರು, ನಾನೋ ನೀನೋ?" ಎಂದು ಮೂರು ಮೇಜಿಗೆ ಕೇಳುವಂತೆ ಗದರಿದ. "ಆಗಿನಿಂದ ನೋಡ್ತಿದೀನಿ, ಕೋಳಿಗೆ ಕಾಳು ಹಾಕಿದ ಹಾಗೆ ಹಾಕ್ತಾನೇ ಇದೀಯ. ಕೈ ತೆಗಿ. ಮೀನಿನ ತಲೆ ಮಾವನ ಕಡೆಗೇ ಇರಬೇಕು, ಅದನ್ನ ಈ ಕಡೆ ತಿರುಗ್ಸು. ಮತ್ತೆ ಆ ಮೇಸ್ತ್ರೀನ ಕರಿ, ಸೂಪಿಗೆ ಉಪ್ಪು ಸಾಲದು."

ಲಕ್ವ ಹೊಡೆದಾಗಿನಿಂದ ಅವನು ಯಾರನ್ನೂ ಗದರಿರಲಿಲ್ಲ. ಬೀಯುನ್ ಬೈಸಿಕೊಂಡ ಖುಷಿಗೆ ಕಣ್ಣು ತುಂಬಿ, ಮೀನಿನ ತಲೆಯನ್ನು ಅವನ ಕಡೆ ತಿರುಗಿಸಿಟ್ಟು, ಮೇಸ್ತ್ರಿಯನ್ನು ಕರೆಯಲು ಎದ್ದಳು.