ಗಡಿಯಾರಕ್ಕೂ ಆಯುಧಪೂಜೆಯ ರಜೆ

ಗೆಳೆಯರೇ, ಆಯುಧಪೂಜೆಯ ದಿನ ಗೋಡೆ ಗಡಿಯಾರವನ್ನು ನಿಲ್ಲಿಸಬೇಕೇ? ಇಂದು ಬೆಳಿಗ್ಗೆ ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ನಮ್ಮ ಮನೆಯಲ್ಲಿ ಇದೇ ಜಗಳ.

ಅದು ಹಳೆಯ ಇಂಗ್ಲಿಷ್ ಗಡಿಯಾರ. ಸ್ಪ್ರಿಂಗ್ ಇಲ್ಲ; ಹಗ್ಗಕ್ಕೆ ತೂಗುಬಿಟ್ಟ ಸೀಸದ ಗುಂಡು ಮೆಲ್ಲಗೆ ಇಳಿಯುತ್ತ ಹಲ್ಲುಚಕ್ರಗಳನ್ನು ತಿರುಗಿಸುತ್ತದೆ. ಮೊನ್ನೆಯಷ್ಟೇ ರಿಪೇರಿಯಾಗಿ ಬಂದಿದೆ. ಒಂದು ವಾರ ನಿಲ್ಲಿಸದೆ ಓಡಿಸಿದರೆ ಮಾತ್ರ ಎಷ್ಟು ಹಿಂದೆ ಬೀಳುತ್ತದೆಂದು ತಿಳಿಯುತ್ತದೆ, ಇಲ್ಲವಾದರೆ ಮತ್ತೆ ಮೊದಲಿನಿಂದ ಶುರು ಎಂದಿದ್ದರು ರಿಪೇರಿಯವರು.

ಮೈಸೂರಿನಿಂದ ಬಂದಿರುವ ನನ್ನ ಮಾವ ಗುಂಡಿಗೆ ಕುಂಕುಮವಿಟ್ಟು, ಲೋಲಕ ಹಿಡಿಯಲು ಕೈ ಚಾಚಿದರು. "ಇದೂ ಯಂತ್ರಾನೇ ಅಲ್ವೇನ್ರೀ? ಇವತ್ತು ಇದಕ್ಕೂ ರೆಸ್ಟು."

"ಬೇಡ ಮಾವ, ವಾರ ಪೂರ್ತಿ ಓಡ್ಬೇಕು" ಎಂದೆ.

ಅಡುಗೆಮನೆಯಿಂದ ಅತ್ತೆ ಓಡಿ ಬಂದರು. "ಹಬ್ಬದ ದಿನ ಮನೇಲಿ ಗಡಿಯಾರ ನಿಲ್ಲಿಸ್ತಾರೇನ್ರೀ? ಅಪಶಕುನ!"

ಯಂತ್ರ ನಡೆಯಬಾರದು, ಗಡಿಯಾರ ನಿಲ್ಲಬಾರದು. ಕೊನೆಗೆ ಅತ್ತೆಯೇ ತೀರ್ಪು ಕೊಟ್ಟರು: "ಅದರ ಪಾಡಿಗೆ ಅದು ನಡೀಲಿ. ಟೈಮ್ ನೋಡಿದ್ರೆ ತಾನೇ ಬಳಸಿದ ಹಾಗೆ? ಇವತ್ತು ಯಾರೂ ನೋಡ್ಬೇಡಿ." ಗಡಿಯಾರದ ಮುಖಕ್ಕೆ ಮಾವನ ರೇಷ್ಮೆ ಶಲ್ಯ ಹೊದಿಸಿದ್ದಾಯಿತು.

ಮಧ್ಯಾಹ್ನ ಶಲ್ಯದೊಳಗಿಂದಲೇ ಗಂಟೆ ಬಾರಿಸಿತು. ಸೋಫಾದಲ್ಲಿ ಕಣ್ಣು ಮುಚ್ಚಿದ್ದ ಮಾವ ಬೆರಳು ಮಡಿಸುತ್ತ ಎಣಿಸಿದರು. "ಮೂರು! ಕಾಫಿ ಟೈಮ್ ಕಣೇ."

"ಟೈಮ್ ನೋಡ್ಬಾರ್ದು ಅಂದಿದ್ನಲ್ಲ?" ಎಂದರು ಅತ್ತೆ.

"ನಾನೆಲ್ಲಿ ನೋಡ್ದೆ? ಕೇಳಿಸ್ಕೊಂಡೆ."

ಕಾಫಿ ಬಂತು. ಹಬ್ಬದ ರಜೆ ಸಿಗದೆ ಇಂದು ನಮ್ಮ ಮನೆಯಲ್ಲಿ ದುಡಿದದ್ದು ಇಬ್ಬರೇ: ಗಡಿಯಾರ ಮತ್ತು ಅತ್ತೆ.