ಅಡುಗೆಮನೆಯ ಸೋಬಾನೆ, ಚಪ್ಪರದ ಪ್ಲೇಟು

ಮಡಿಕೇರಿಯ ಒಂದು ವಾರಪತ್ರಿಕೆಯ ಸಂಪಾದಕರು ನನಗೆ ಲೇಖನದ ವಿಷಯವನ್ನೂ ಅದರ ತೀರ್ಮಾನವನ್ನೂ ಒಟ್ಟಿಗೇ ಕೊಟ್ಟಿದ್ದರು: ಸಿನಿಮಾ ಹಾಡಿನ ಗ್ರಾಮಫೋನ್ ಪ್ಲೇಟುಗಳು ನಮ್ಮ ಮದುವೆಮನೆಯ ಸೋಬಾನೆ ಪದಗಳನ್ನು ಕೊಲ್ಲುತ್ತಿವೆ. ನಡುವೆ ಉದಾಹರಣೆ ತುಂಬುವುದಷ್ಟೇ ನನ್ನ ಕೆಲಸ. ಕೊಡಗು ಆಗ ಪುಟ್ಟದೊಂದು ಪ್ರತ್ಯೇಕ ರಾಜ್ಯ. ಮೈಸೂರಿಗೆ ಸೇರಬೇಕೋ ಬೇಡವೋ ಎಂದು ಬಸ್ಸಿನಲ್ಲಿ, ಸಂತೆಯಲ್ಲಿ, ಕ್ಷೌರದಂಗಡಿಯಲ್ಲಿ ಎಲ್ಲರೂ ಒಂದೊಂದು ಕಡೆ ಹಿಡಿದು ವಾದಿಸುತ್ತಿದ್ದರು. ನಾನೋ, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ ಅಂದರೆ ಪರ, ವಿರೋಧ ಅಂದರೆ ವಿರೋಧ ಮಾತಾಡಿ ಕಪ್ಪು ಗೆದ್ದು ತಂದವಳು. ಇದೂ ಅಂಥದ್ದೇ ಒಂದು ಅಂದುಕೊಂಡು ಒಪ್ಪಿದೆ.

ಪದ ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ. ಕೊಡ್ಲಿಪೇಟೆ ಹತ್ತಿರದ ನಮ್ಮ ಕೂಡುಮನೆಯಲ್ಲೇ ಚಿಕ್ಕಮ್ಮ ಇದ್ದರು. ಬೀದಿಯ ಹೆಂಗಸರೆಲ್ಲ ಸೋಬಾನೆ ಕಲಿತದ್ದು ಅವರ ಬಾಯಿಂದ. ಚಿಕ್ಕಪ್ಪ ತೀರಿಕೊಂಡ ಮೇಲೆ ಮಾತ್ರ ಅವರು ಹಸೆಯ ಮುಂದೆ ಕೂತು ಹಾಡಿದ್ದಿಲ್ಲ. ಗಂಡ ಸತ್ತವಳ ಬಾಯಲ್ಲಿ ಸೋಬಾನೆ ಅಪಶಕುನವಂತೆ. ನಾನು ಪೆನ್ಸಿಲ್ಲು ಹಿಡಿದು ಎದುರಿಗೆ ಕೂತೆ.

"ನಾನು ಪದ ಹೇಳ್ಬಾರ್ದು ಕಣೇ" ಅಂದರು.

ಹಾಗೆಂದವರೇ ಕಾಫಿ ಬೀಜ ಆರಿಸುತ್ತ, ಪೇಟೆಯ ಮೈಕಿನಲ್ಲಿ ಕೇಳಿ ಕಲಿತ ತಮಿಳು ಸಿನಿಮಾ ಹಾಡೊಂದನ್ನು ಗುನುಗತೊಡಗಿದರು. ಅರ್ಥ ಗೊತ್ತಿಲ್ಲ, ಧಾಟಿ ಮಾತ್ರ ಎಲ್ಲೂ ತಪ್ಪಲಿಲ್ಲ.

"ಇದನ್ನ ಹೇಳ್ಬೋದಾ ಹಂಗಾದ್ರೆ?"

"ಪ್ಲೇಟಿನ ಹಾಡಿಗೆ ಮುತ್ತೈದೆ ಯಾರು, ಮುಂಡೆ ಯಾರು? ಅದು ಯಾರನ್ನೂ ಕೇಳಲ್ಲ."

ಸಂಪಾದಕರ ತೀರ್ಮಾನ ಅಲ್ಲೇ ಕುಂಟತೊಡಗಿತು.

ಆ ಬೇಸಿಗೆಯಲ್ಲಿ ಚಿಕ್ಕಮ್ಮನ ಒಬ್ಬಳೇ ಮಗಳ ಮದುವೆ. ಅವರಿಗೆ ಇದ್ದ ಆಸೆಯೂ ಒಂದೇ. "ಎಲ್ಲರ ಮಕ್ಕಳಿಗೂ ಹೇಳ್ದೆ. ನನ್ನ ಮಗಳು ಹಸೆ ಮೇಲೆ ಕೂತಾಗ ಒಂದು ಪದ ನನ್ನ ಬಾಯಿಂದ ಅವಳ ಕಿವಿಗೆ ಬಿದ್ದಿದ್ರೆ ಸಾಕಿತ್ತು" ಅಂದರು, ಸಾರಿಗೆ ಉಪ್ಪು ಸಾಲದು ಅನ್ನುವ ಹಾಗೆ.

ಮನೆಯ ಯಜಮಾನರಾದ ದೊಡ್ಡಪ್ಪನ ಮುಂದೆ ನಾನು ವಾದ ಹೂಡಿದೆ. ಪದ ಹೇಳುವ ಹೆಂಗಸರೆಲ್ಲ ಚಿಕ್ಕಮ್ಮನ ಬಾಯಿಂದಲೇ ಕಲಿತವರು. ಅಪಶಕುನ ಬಾಯಲ್ಲಿದ್ದರೆ ಪದದಲ್ಲೂ ಇರಬೇಕು. ಪದದಲ್ಲಿ ಇಲ್ಲ ಅಂದರೆ ಬಾಯಲ್ಲೂ ಇಲ್ಲ. ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುತ್ತ ಪೂರ್ತಿ ಕೇಳಿದರು.

"ನೀನು ಹೇಳಿದ್ರಲ್ಲಿ ತಪ್ಪಿಲ್ಲ ಮಗ. ಆದ್ರೂ ಬ್ಯಾಡ."

"ತಪ್ಪಿಲ್ಲ ಅಂದ್ಮೇಲೆ ಯಾಕೆ ಬ್ಯಾಡ?"

"ಬೀಗರು ಏನಂದಾರು? ಅವರು ನಿನ್ನ ಮಾತು ಕೇಳೋಕೆ ಬರ್ತಾರಾ, ಮದ್ವೆಗೆ ಬರ್ತಾರಾ?"

ಎದುರಾಳಿ ಒಪ್ಪಿಕೊಂಡ ಮೇಲೂ ಸೋಲಬಹುದೆಂದು ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಅಂದಿನಿಂದಲೇ ನನಗೊಂದು ಆಯಾಸ ಹಿಡಿಯಿತು. ಜ್ವರವಲ್ಲ, ಜ್ವರ ಬಿಟ್ಟ ಮೇಲೆ ಇರುತ್ತದಲ್ಲ, ಅದು.

ಮದುವೆಯ ದಿನ ದೊಡ್ಡಪ್ಪ ಬಾಡಿಗೆಗೆ ತರಿಸಿದ್ದ ಮೈಕ್ ಸೆಟ್ಟು ಚಪ್ಪರದ ಕಂಬದ ಮೇಲೆ ಬಾಯಿ ತೆರೆದುಕೊಂಡು ನಿಂತಿತ್ತು. ಧಾರೆ ಮುಗಿದು ಹೆಣ್ಣು ಗಂಡು ಹಸೆಗೆ ಬಂದ ಮೇಲೆ ಪ್ಲೇಟು ನಿಲ್ಲಿಸಿ ಪದ ಶುರುವಾಯಿತು. ಬೀಗರು ಬೀಗರನ್ನು ಹಾಡಿನಲ್ಲೇ ಛೇಡಿಸುವುದು ನಮ್ಮಲ್ಲಿ ವಾಡಿಕೆ. ಗಂಡಿನ ತಾಯಿ, ಅಂದರೆ ಚಿಕ್ಕಮ್ಮನ ಬೀಗಿತ್ತಿ, ಗಟ್ಟಿ ಗಂಟಲಿನವರು. ಹೆಣ್ಣಿನ ಮನೆಯ ಪಾಯಸದಲ್ಲಿ ಬೆಲ್ಲ ಹುಡುಕಿ ಹುಡುಕಿ ಕಣ್ಣು ನೋವು ಬಂತೆಂದು ಹಾಡಿದರು. ನಮ್ಮ ಕಡೆಯ ಹೆಂಗಸರು ಮುಖ ಮುಖ ನೋಡಿಕೊಂಡರು. ಅವರಿಗೆ ಕಲಿತ ಪದ ಬರುತ್ತದೆ, ಅಲ್ಲೇ ಕಟ್ಟಿ ಹೇಳಲು ಬಾರದು.

ಅಡುಗೆಮನೆಯ ಬಾಗಿಲಿಗೆ ಒರಗಿ ಕೂತಿದ್ದವಳು ನಾನು. ಒಳಗಿಂದ ಚಿಕ್ಕಮ್ಮನ ಪಿಸುಮಾತು ಬಂತು: "ಹೇಳೇ, 'ಬೆಲ್ಲ ಹುಡುಕೋ ಮುಂಚೆ ಬೀಗಿತ್ತಿ, ನಾಲಿಗೆಯ ಬೇವು ತೊಳೆದು ಬಾ.'"

ನಾನು ಹೇಳಿದೆ. ವೇದಿಕೆಯ ಅಭ್ಯಾಸ, ಎದೆಯೆತ್ತಿ, ಒಂದೊಂದು ಮಾತಿಗೂ ಒತ್ತು ಕೊಟ್ಟು, ಕೈ ಕೂಡ ಎತ್ತಿದೆನಂತೆ. ಚಪ್ಪರವೇ ನಕ್ಕಿತು.

"ಇದೇನ್ ಪದಾನೋ ಓಟಿನ ಭಾಷಣಾನೋ? ರಾಗ ಸಂತೇಲಿ ಬಿಟ್ಟು ಬಂದ್ರಾ ತಾಯಿ?" ಅಂದರು ಬೀಗಿತ್ತಿ.

ತಾವು ಕಟ್ಟಿದ ಪದದ ಆ ಗತಿಯನ್ನು ಚಿಕ್ಕಮ್ಮನಿಗೆ ತಡೆದುಕೊಳ್ಳಲಾಗಲಿಲ್ಲ. ಒಳಗಿಂದಲೇ ಧಾಟಿ ಎತ್ತಿದರು. ವರ್ಷಗಟ್ಟಲೆ ಪದ ಹೇಳದ ಗಂಟಲು ಮೊದಲ ಸಾಲಿಗೆ ಸ್ವಲ್ಪ ಒಡೆಯಿತು, ಎರಡನೆಯದಕ್ಕೆ ತೆರೆದುಕೊಂಡಿತು. ನಗು ನಿಂತಿತು. ಹಸೆಯ ಮೇಲಿದ್ದ ಮಗಳು ಬಾಸಿಂಗದ ತಲೆ ಎತ್ತಿದಳು. ಅಷ್ಟರಲ್ಲಿ ದೊಡ್ಡಪ್ಪ, "ಪ್ಲೇಟ್ ಹಾಕೋ ಮಾರಾಯ!" ಎಂದು ಮೈಕಿನವನಿಗೆ ಕೂಗಿದರು. ಚಿಕ್ಕಮ್ಮ ಗುನುಗುತ್ತಿದ್ದ ಅದೇ ತಮಿಳು ಹಾಡು ಚಪ್ಪರದ ತುಂಬ ಹರಡಿತು. ಒಳಗಿನ ದನಿ ಪದದ ನಡುವೆಯೇ ನಿಂತಿತು.

ನಾನು ಎದ್ದು ದೊಡ್ಡಪ್ಪನ ಹತ್ತಿರ ಹೋದೆ. ಬಾಯಿ ತೆರೆಯುವ ಮೊದಲೇ ಅವರು, "ಸರಿ, ನೀನೇ ಗೆದ್ದೆ. ಈಗ ಪಂಕ್ತಿಗೆ ಎಲೆ ಹಾಕ್ಸು ಹೋಗು" ಅಂದರು.

ಎಲೆ ತರಲು ಅಡುಗೆಮನೆಗೆ ಬಂದರೆ ಬೀಗಿತ್ತಿ ಅಲ್ಲಿ ನಿಂತಿದ್ದಾರೆ. "ಅರ್ಧಕ್ಕೆ ಬಿಟ್ರೆ ನಾನು ಉತ್ರ ಯಾವುದಕ್ಕೆ ಕಟ್ಲಿ? ಮುಗಿಸ್ರಿ."

ಚಿಕ್ಕಮ್ಮ ಪಾಯಸ ತಿರುವುತ್ತ, ಉಳಿದ ಸಾಲುಗಳನ್ನು ಮಾತಿನ ಹಾಗೆ ಒಪ್ಪಿಸಿದರು.

"ನಾನು ಕಥೆ ಕೇಳೋಕೆ ಬರ್ಲಿಲ್ಲ. ಧಾಟೀಲಿ ಹೇಳ್ರಿ." ಬೀಗಿತ್ತಿ ಕಾಲಿನಿಂದಲೇ ಬಾಗಿಲು ದೂಡಿ ಮುಚ್ಚಿದರು.

ಹೊಗೆ ತುಂಬಿದ ಆ ಕೋಣೆಯಲ್ಲಿ ಚಿಕ್ಕಮ್ಮ ಕೊನೆಯವರೆಗೂ ಹೇಳಿದರು. ಕೇಳಿದವರು ಬೀಗಿತ್ತಿ ಮತ್ತು ನಾನು. ಯಾರ ಕಿವಿಗೆ ಬೀಳಲೆಂದು ಆಸೆಪಟ್ಟಿದ್ದರೋ ಅವಳು ಹೊರಗೆ ಸಿನಿಮಾ ಹಾಡಿನ ಕೆಳಗೆ ಕೂತಿದ್ದಳು. ಪ್ಲೇಟು ಕೊಂದಿತು ಎನ್ನುವುದಕ್ಕೆ ನನ್ನ ಬಳಿ ಇದ್ದ ಸಾಕ್ಷಿ ಚಿಕ್ಕಮ್ಮ. ಇಷ್ಟು ವರ್ಷ ಆ ಗಂಟಲನ್ನು ಉಳಿಸಿದ್ದೂ ಪ್ಲೇಟೇ ಎನ್ನುವುದಕ್ಕೂ ಅವರೇ. ಸಂಪಾದಕರಿಗೆ ಹಾಗೆಯೇ ಬರೆದು ಕಳಿಸಿದೆ. 'ದಯವಿಟ್ಟು ಒಂದು ಕಡೆ ನಿಲ್ಲಿ' ಎಂಬ ಷರಾದೊಂದಿಗೆ ಲೇಖನ ವಾಪಸು ಬಂತು. ತಿದ್ದಲು ಕೂರುವ ಚೈತನ್ಯವೂ ನನಗಿರಲಿಲ್ಲ.

ಮದುವೆಯ ದಿನ ಹೆಣ್ಣು ಒಪ್ಪಿಸುವಾಗ ಮಗಳು ತಾಯಿಯ ಕುತ್ತಿಗೆಗೆ ಬಿದ್ದು ಅಂದದ್ದು ನೆನಪಿದೆ: "ಅರ್ಧ ಕೇಳಿಸ್ತಮ್ಮ."

ಚಿಕ್ಕಮ್ಮ ಅವಳ ಸೆರಗು ಸರಿಮಾಡಿ ಕೈ ಬಿಡಿಸಿಕೊಂಡರು. "ಇನ್ನರ್ಧ ನಿಮ್ಮತ್ತೆ ಹತ್ರ ಐತೆ. ಪುರುಸೊತ್ತಾದಾಗ ಹೇಳಿಸ್ಕೋ."