ಪ್ವೆಲ್ಚೆ ಮತ್ತು ಅಮ್ಮನ ‘ಅದು’

ಮೆಮೊರಿ ಕ್ಲಿನಿಕ್ಕಿನಿಂದ ಪತ್ರ ಬಂದದ್ದು ಮಂಗಳವಾರ. ಅಮ್ಮನ ನೆನಪಿನ ಶಕ್ತಿ ವಯಸ್ಸಿಗೆ ತಕ್ಕಂತಿದೆ, ಚಿಂತೆಗೆ ಕಾರಣವಿಲ್ಲ ಎಂದಿತ್ತು. ಅದೇ ಸಂಜೆ ಅವಳಿಗೆ ಬೆಂಗಳೂರಿನ ಟಿಕೆಟ್ ತೆಗೆದೆ. ಆಕ್ಲೆಂಡಿನಿಂದ ಒಬ್ಬಳೇ ಹೊರಟು ಸಿಂಗಪುರದಲ್ಲಿ ವಿಮಾನ ಬದಲಿಸಬೇಕು. ಮೊದಲು ಎರಡು ಸಲ ಹಾಗೆಯೇ ಹೋಗಿಬಂದವಳು.

ಶನಿವಾರ ಬೆಳಿಗ್ಗೆ ಮಗಳು ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತಿದ್ದಳು. ಇಲ್ಲೇ ಆಕ್ಲೆಂಡಿನ ಆಲ್ಬನಿ ಕ್ಯಾಂಪಸ್ಸಿನಲ್ಲಿ ಭಾಷಾಶಾಸ್ತ್ರ ಓದುತ್ತಾಳೆ. ಆ ವಾರದ ಅಸೈನ್‌ಮೆಂಟ್ ಪ್ವೆಲ್ಚೆ. ಅರ್ಜೆಂಟೀನಾದ ದಕ್ಷಿಣದ ಬಯಲಿನ ಭಾಷೆ. ಈಗ ಅದನ್ನು ಆಡುವವರು ಯಾರೂ ಇಲ್ಲ. ಆ ಹೆಸರೂ ಅವರದಲ್ಲ, ಪಕ್ಕದವರು ಇಟ್ಟದ್ದು. ‘ಪೂರ್ವದವರು’ ಎಂದು ಅರ್ಥ. ನಾವು ಹೋದೆ, ಹೋದಳು ಎಂದು ಕ್ರಿಯಾಪದದ ಕೊನೆಯಲ್ಲಿ ಯಾರೆಂಬುದನ್ನು ಹೇಳುತ್ತೇವೆ. ಅವರು ಅದನ್ನು ಕ್ರಿಯಾಪದದ ಮೊದಲಿಗೇ ಅಂಟಿಸುತ್ತಿದ್ದರಂತೆ.

ಮಗಳು ಆ ಭಾಷೆಯ ಒಂದು ಅಕ್ಷರ ಉಚ್ಚರಿಸಿ, "ವಾಟ್ ಡು ಯು ಹಿಯರ್, ಅಪ್ಪಾ? ರೈಟ್ ಇಟ್ ಡೌನ್," ಎಂದಳು.

ನಾನು ‘ಖ’ ಎಂದು ಬರೆದೆ.

"ನೋ ಅಪ್ಪಾ! ಉಸಿರು ಬಿಡಬಾರದು. ಹೋಲ್ಡ್ ಮಾಡಿ, ಗಂಟಲು ಕ್ಲೋಸ್ ಮಾಡಿ, ಆಮೇಲೆ ಪಾಪ್."

ಇನ್ನೊಮ್ಮೆ ಹೇಳಿದಳು. ಬಾಟಲಿಯ ಬಿರಡೆ ಕಿತ್ತ ಹಾಗಿತ್ತು. ಒಲೆಯ ಮುಂದೆ ನಿಂತಿದ್ದ ಅಮ್ಮ ನಕ್ಕಳು. "ಏನೇ ಪುಟ್ಟಿ, ಕೋಳಿಗೆ ಬಿಕ್ಕಳಿಕೆ ಬಂದಂಗೆ?"

ನನಗೆ ಮತ್ತೆ ಮಹಾಪ್ರಾಣವೇ ಕೇಳಿಸಿತು. ಕನ್ನಡದ ಕಿವಿ, ಇಲ್ಲದ ಅಕ್ಷರದ ಜಾಗದಲ್ಲಿ ಇರುವುದನ್ನು ತಂದು ಕೂರಿಸುತ್ತದೆ. ಆ ಭಾಷೆಯನ್ನು ಬರೆದುಕೊಂಡ ಹೊರಗಿನವರೂ ಹೀಗೇ ಮಾಡಿರಬೇಕು, ಒಂದೇ ಪದ ಒಬ್ಬೊಬ್ಬರ ಪಟ್ಟಿಯಲ್ಲಿ ಒಂದೊಂದು ಥರ ಇದೆ ಎಂದಳು ಮಗಳು. "ದೇ ಫಿಕ್ಸ್ಡ್ ಇಟ್. ಸರಿನಾ ಅಂತ ಕೇಳೋಕೆ ಈಗ ಯಾರೂ ಇಲ್ಲ."

"ಅದು ಕೊಡೋ," ಎಂದಳು ಅಮ್ಮ, ನನ್ನ ಕಡೆ ಕೈ ಚಾಚಿ.

ನಾನು ಸೌಟು ಕೊಟ್ಟೆ. ಕೊಟ್ಟ ಮೇಲೆ, ಅವಳು ಸೌಟು ಎಂದಿರಲೇ ಇಲ್ಲ ಎಂಬುದು ಹೊಳೆಯಿತು.

ಮೈಸೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಇಪ್ಪತ್ತೆರಡು ವರ್ಷ ಜನರ ಮಾತು ತಿದ್ದಿದವನು ನಾನು. ತೊದಲು ತೆಗೆದು, ಅರ್ಧ ವಾಕ್ಯವನ್ನು ಪೂರ್ತಿ ಮಾಡಿ ಅಚ್ಚಿಗೆ ಕೊಡುವುದು ಕೆಲಸ. ಕ್ಲಿನಿಕ್ಕಿನಲ್ಲಿ, ದುಭಾಷಿ ಬೇಡ, ಮಗ ಇದಾನಲ್ಲ ಎಂದು ಅಮ್ಮ ಹಟ ಹಿಡಿದಾಗ ಪಕ್ಕದಲ್ಲಿ ಕೂತು ಅದನ್ನೇ ಮಾಡಿದ್ದೆ. ಡಾಕ್ಟರು ಬೀಗದ ಚಿತ್ರ ತೋರಿಸಿದರು. "ಅದು... ಬಾಗಿಲಿಗೆ ಹಾಕೋದು," ಎಂದಳು. ನಾನು ಇಂಗ್ಲಿಷಿನಲ್ಲಿ ಬೀಗ ಎಂದೆ. ಒಂಟೆ ಬಂದಾಗ, "ಅದೇ, ಮರಳಲ್ಲಿ ಹೋಗೋದು." ನಾನು ಒಂಟೆ ಎಂದೆ. ಡಾಕ್ಟರು ಗುರುತು ಹಾಕಿಕೊಂಡರು. ಸುಳ್ಳು ಹೇಳುತ್ತಿದ್ದೇನೆ ಎಂದು ಒಂದು ಕ್ಷಣವೂ ಅನ್ನಿಸಲಿಲ್ಲ.

ಮಗಳ ಪೆನ್ನು ತೆಗೆದುಕೊಂಡೆ. "ಅಮ್ಮ, ಸಿಂಗಪುರದಲ್ಲಿ ಇಳಿದ್ಮೇಲೆ ಏನು ಮಾಡ್ತೀಯ?"

"ಏನೋ, ಪರೀಕ್ಷೆನಾ? ಅದು ತೋರಿಸಿ, ಅದರೊಳಗೆ ಹೋಗಿ, ಅದ್ರಲ್ಲಿ ಕೂರೋದು."

"ಯಾವುದು ತೋರಿಸಿ?"

"ಅದೇ ಕಣೋ. ಗೊತ್ತಿದ್ದೂ ಕೇಳ್ತಾನೆ ನೋಡೇ," ಎಂದು ಮೊಮ್ಮಗಳಿಗೆ ಹೇಳಿದಳು. ಮಗಳು ನಗಲಿಲ್ಲ.

ಹೇಳಿದ್ದನ್ನು ಹೇಳಿದಂತೆಯೇ ಬರೆದೆ. ಒಂದು ಪದವನ್ನೂ ತಿದ್ದಲಿಲ್ಲ.

"ಅಮ್ಮ, ಇನ್ನೊಂದು ಸಲ ಡಾಕ್ಟರ ಹತ್ರ ಹೋಗ್ಬೇಕು. ಈ ಸಲ ನಾನು ಹೊರಗೆ ಕೂತಿರ್ತೀನಿ. ಬೇರೆಯೋರು ಹೇಳ್ತಾರೆ."

ಅಮ್ಮ ಒಲೆ ಆರಿಸಿದಳು.

"ಬೇರೆಯೋರಾದ್ರೆ ನಾನು ಪಾಸಾಗಲ್ಲ ಕಣೋ," ಎಂದಳು. "ಅದಕ್ಕೇ ಅಲ್ವಾ ನಿನ್ನನ್ನ ಕೂರಿಸ್ಕೊಂಡಿದ್ದು."